ಮಘಾ ನಕ್ಷತ್ರದ ನೀಲಿ

ನಂಜನಗೂಡು
ಏಪ್ರಿಲ್ ೨೦೦೫

ನನ್ನ ಪುಟ್ಟಿ,

ಹೆಸರಿಡುವಷ್ಟು ದಿನವೂ ನೀನು ನಮ್ಮ ಜೊತೆ ಇರಲಿಲ್ಲ. ಹಾಲೂಡಿಸುವಾಗ ಪುಟ್ಟಿ ಅಂತ ಕರೆಯುತ್ತಿದ್ದೆ. ಈಗಲೂ ಹಾಗೇ ಕರೆಯುತ್ತೇನೆ.

ನೀನು ಹುಟ್ಟಿದ್ದು ತೊಂಬತ್ತನಾಲ್ಕರಲ್ಲಿ, ಸೋಸಲೆಯ ನನ್ನ ತವರಿನಲ್ಲಿ. ಮಘಾ ನಕ್ಷತ್ರ, ಮೊದಲನೇ ಪಾದ. ಇದು ತಂದೆಯ ಜೀವಕ್ಕೆ ಆಗದು, ಇಪ್ಪತ್ತೇಳು ದಿನಕ್ಕೆ ಅದೇ ನಕ್ಷತ್ರ ಮತ್ತೆ ಬಂದು ಶಾಂತಿಯಾಗುವ ತನಕ ಅವರು ಮಗುವಿನ ಮುಖ ನೋಡಕೂಡದು ಎಂದರು ಪಂಚಾಂಗ ನೋಡಿದವರು. ನಿನ್ನ ಅಜ್ಜಿ ದೇವೀರಮ್ಮ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಇದ್ದ ಒಬ್ಬ ಮಗನ ಕೈ ಹಿಡಿದುಕೊಂಡು ಅತ್ತರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಿನ್ನಪ್ಪ, ಆ ಕಣ್ಣೀರಿಗೆ ಎದುರಾಡಲಾರದೆ ಹೂಂ ಎಂದರು.

ಭಾನುವಾರ ನರಸೀಪುರದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಜಗಲಿಯ ಮೇಲೆ ಕೂತು, ಒಳಗೆ ನೀನು ಅತ್ತರೆ ಕತ್ತೆತ್ತಿ ಕೇಳಿಸಿಕೊಳ್ಳುತ್ತಿದ್ದರು. "ಗಟ್ಟಿಯಾಗೇ ಅಳ್ತಾಳೆ, ಅಲ್ವಾ?" ಎಂದು ಬಾಗಿಲಾಚೆಯಿಂದಲೇ ನನ್ನನ್ನು ಕೇಳುತ್ತಿದ್ದರು.

ಬರಬರುತ್ತಾ ಆ ದನಿ ಸಣ್ಣದಾಯಿತು. ಹಾಲು ಕುಡಿಯುವಾಗ ನೀನು ಬೆವರುತ್ತಿದ್ದೆ. ಹೃದಯದ ತೊಂದರೆ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ದಾರಿಯಲ್ಲೇ, ನನ್ನ ಮಡಿಲಲ್ಲೇ ನಿನ್ನ ಉಸಿರು ನಿಂತಿತು. ನಿನ್ನಪ್ಪ ಬರುವಷ್ಟರಲ್ಲಿ ನಿನಗೆ ಬಿಳಿ ಬಟ್ಟೆ ಸುತ್ತಿದ್ದರು. ಮುಖ ನೋಡಬೇಡ ಎಂದು ಆಗ ಯಾರೂ ತಡೆಯಲಿಲ್ಲ.

ಆಮೇಲೆ ನಮಗೆ ಮಕ್ಕಳಾಗಲಿಲ್ಲ. ನಾನು ನಿನ್ನ ಮಾತೆತ್ತಿದರೆ ಅವರು ಎದ್ದು ಹೋಗುತ್ತಿದ್ದರು.

ಮೊನ್ನೆ ಯಾವುದೋ ಪತ್ರಿಕೆಯಲ್ಲಿ ಮಘಾ ನಕ್ಷತ್ರದ ವಿಷಯ ಓದಿದ ನಿನ್ನಪ್ಪ, ದೀಪ ಹಚ್ಚಿದ ಮೇಲೆ ನನ್ನನ್ನೂ ಅಜ್ಜಿಯನ್ನೂ ತಾರಸಿಗೆ ಕರೆದರು. ನೆತ್ತಿಯ ಮೇಲೆ ಹೊಳೆಯುತ್ತಿದ್ದ ಆ ನಕ್ಷತ್ರದತ್ತ ಬೆರಳು ತೋರಿಸಿದರು. ಬಿಳುಪಿನೊಳಗೆ ತುಸು ನೀಲಿ. ಕ್ಲಾಸಿನಲ್ಲಿ ಹೇಳುವ ಹಾಗೇ ಹೇಳಿದರು. ಸೂರ್ಯನಿಗಿಂತ ಎರಡರಷ್ಟು ಬಿಸಿ, ಅದಕ್ಕೇ ಆ ನೀಲಿ. ಸೂರ್ಯ ತನ್ನ ಸುತ್ತ ತಿರುಗಲು ಹೆಚ್ಚುಕಡಿಮೆ ತಿಂಗಳು ಬೇಕು. ಇದಕ್ಕೆ ಒಂದು ಇಡೀ ದಿನವೂ ಬೇಡ. ಆ ರಭಸಕ್ಕೆ ನಡು ಉಬ್ಬಿ, ಮೇಲೆ ಕೆಳಗೆ ಅಮುಕಿದಂತೆ ಚಪ್ಪಟೆಯಾಗಿದೆ. ಉಬ್ಬಿದ ನಡು ಮಂಕು, ಎರಡು ತುದಿಗಳಲ್ಲಿ ಕಾವು ಹೆಚ್ಚು. ಇನ್ನೊಂದಿಷ್ಟು ಜೋರಾಗಿ ತಿರುಗಿದರೆ ತಾನೇ ಚೆದುರಿಹೋಗುತ್ತದೆ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಎಪ್ಪತ್ತು ವರ್ಷ ದಾಟುತ್ತದೆ.

"ಮಗು ಹುಟ್ಟಿದ್ ದಿನ ಬಂದ ಬೆಳಕು, ನೀನೂ ಹುಟ್ಟೋಕ್ ಮುಂಚೆ ಹೊರಟಿದ್ದು ಕಣವ್ವ," ಎಂದರು ಅಜ್ಜಿಗೆ. "ನಮ್ಮನೆ ಯಾವ್ದು ಅಂತ ಅದಕ್ಕೇನ್ ಗೊತ್ತು."

ದನಿಯಲ್ಲಿ ಗದರಿಕೆ ಇರಲಿಲ್ಲ. ಅಜ್ಜಿ ಮೇಲೆ ನೋಡಿದರು. "ನಿನ್ ಜೀವ ಉಳೀಲಿ ಅಂತಷ್ಟೇ ಕಣಪ್ಪ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದರು. ನಿನ್ನಪ್ಪ ಅವರ ಕೈ ಹಿಡಿದು ಮೆಟ್ಟಿಲಿಳಿಸಿ ಬಂದರು.

ಬಂದು ನನ್ನ ಪಕ್ಕ ಕೂತರು. "ನಾನ್ ನೋಡ್ದಾಗ ಕಣ್ ಮುಚ್ಚಿತ್ತು. ಬಿಟ್ಟಾಗ ಹೆಂಗಿದ್ಲು?"

ಇಷ್ಟು ವರ್ಷ ನಾನು ಕಾದದ್ದು ಈ ಮಾತಿಗೆ. ಹೇಳಿದೆ, ಪುಟ್ಟಿ. ದೊಡ್ಡ ಕಣ್ಣು. ಎಣ್ಣೆ ಹಚ್ಚುವಾಗ ಹುಬ್ಬು ಗಂಟಿಕ್ಕಿ ಥೇಟ್ ಅಜ್ಜಿಯ ಹಾಗೇ ನನ್ನನ್ನು ದಿಟ್ಟಿಸುತ್ತಿದ್ದಳು, ಬೆರಳು ಕೊಟ್ಟರೆ ಹಿಡಿದುಕೊಂಡು, ಬಿಡುತ್ತಲೇ ಇರಲಿಲ್ಲ ಎಂದೆ. ಅವರು ಮುಖ ಮುಚ್ಚಿಕೊಂಡು ಅತ್ತರು. ನಾನು ನಿಲ್ಲಿಸಲಿಲ್ಲ. ನೆನಪಿದ್ದಷ್ಟನ್ನೂ ಹೇಳಿದೆ.

ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ ಅವ್ವ,
ಪವಿತ್ರ