ಇನ್ನೊಂದು ವರ್ಷ

ಹಾಸ್ಟೆಲ್ ಕೋಣೆ,
ಭಾನುವಾರ ಮಧ್ಯಾಹ್ನ

ನನ್ನ ಜೀರುಂಡೆಗೆ,

ಅಮ್ಮನ ಮುತ್ತುಗಳು. ಅಪ್ಪನಿಗೂ ಒಂದು ಕೊಟ್ಟುಬಿಡು, ನಾಚಿಕೊಂಡು ಓಡಿದರೂ ಬಿಡಬೇಡ.

ಮೊನ್ನೆ ಫೋನಿನಲ್ಲಿ ನೀನು, "ಅಮ್ಮಾ, ಕಾಲೇಜಲ್ಲಿ ಯಾವ ವಿಷಯ ತಗೊಳ್ಳಲಿ ಅಂತ ನೀನೇ ಹೇಳಿಬಿಡು, ಕಣ್ಮುಚ್ಚಿ ತಗೋತೀನಿ" ಅಂದೆ. ನಾನು ಕ್ಲಾಸಿಗೆ ಹೊತ್ತಾಯಿತೆಂದು ಫೋನಿಟ್ಟೆ. ಕ್ಲಾಸು ಇರಲಿಲ್ಲ. ನಿನ್ನ ದನಿ ಕೇಳಿದರೆ ಹೇಳಬೇಕಾದ್ದು ಹೇಳಲಾಗುವುದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಮದುವೆಗೆ ಮುಂಚೆ ಬಿಟ್ಟುಹೋದ ಓದನ್ನು ಮುಂದುವರಿಸಲು ನಾನು ಇಲ್ಲಿಗೆ ಬಂದೆ. ನಿನ್ನ ಅಪ್ಪನೇ, "ಈಗ ಹೋಗದಿದ್ರೆ ಇನ್ಯಾವಾಗ? ಮನೆ ನಾವಿಬ್ರೂ ನೋಡ್ಕೋತೀವಿ" ಎಂದು ಚೀಲ ತುಂಬಿಕೊಟ್ಟರು. ಸಮಾಜಕಾರ್ಯ ಆರಿಸಿಕೊಂಡೆ. ಆರಿಸಿಕೊಂಡೆ ಅನ್ನುವುದೂ ದೊಡ್ಡ ಮಾತೇ. ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸ್ವಾಗತದ ಮೇಜಿನ ಹಿಂದೆ ಅಷ್ಟು ವರ್ಷ ಕೂತು ಬಂದವರಿಗೆಲ್ಲ ನಗುಮುಖ ತೋರಿಸಿದ್ದೆನಲ್ಲ, ಡಾಕ್ಟರಿಂದ ಹಿಡಿದು ನಿನ್ನ ಸೋದರತ್ತೆಯವರೆಗೆ ಎಲ್ಲರದೂ ಒಂದೇ ರಾಗ: "ನಿಮಗೆ ಜನರ ಜೊತೆ ಎಷ್ಟು ತಾಳ್ಮೆ! ಅದನ್ನೇ ಓದಿ." ನಾನೂ ನಂಬಿಬಿಟ್ಟೆ. ಕೆಲಸದಿಂದ ಬಂದವಳೇ ಬಚ್ಚಲ ಬಾಗಿಲು ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದುದು, ನೀನು ಹೊರಗಿನಿಂದ "ಅಮ್ಮ ಅಲ್ಲೇ ನಿದ್ದೆ ಹೋದ್ಲು" ಎಂದು ಕೂಗುತ್ತಿದ್ದುದು ನೆನಪಿದೆಯಾ? ಯಾಕೆ ಹಾಗೆ ಕೂರುತ್ತೇನೆ ಎಂದು ಒಮ್ಮೆಯೂ ನನ್ನನ್ನೇ ಕೇಳಿಕೊಂಡಿರಲಿಲ್ಲ.

ನೀನು ಕೇಳಿದಾಗಲೆಲ್ಲ ಇಲ್ಲಿ ಚೆನ್ನಾಗಿದೆ ಎನ್ನುತ್ತಿದ್ದೆ. ಚೆನ್ನಾಗಿರಲಿಲ್ಲ ಕಣೇ. ನನ್ನ ಕೋಣೆಯಲ್ಲಿರುವ ಇಬ್ಬರೂ ನಿನಗಿಂತ ಸ್ವಲ್ಪವೇ ದೊಡ್ಡ ಹುಡುಗಿಯರು. ಮೊದಲು ಆಂಟಿ ಅಂದರು, ಈಗ ಅಕ್ಕ ಅನ್ನುತ್ತಾರೆ. ಬಡ್ತಿ ಸಿಕ್ಕಿದೆ! ಒಬ್ಬಳು ಕನ್ನಡಿಯ ಮೇಲೆ "ನಿನ್ನಿಂದ ಸಾಧ್ಯ" ಎಂಬ ಚೀಟಿ ಅಂಟಿಸಿದ್ದಾಳೆ. ಮೊದಮೊದಲು ಹಲ್ಲುಜ್ಜುತ್ತಾ ಅದನ್ನು ಓದಿ ಹುರುಪು ಬರುತ್ತಿತ್ತು, ಆಮೇಲಾಮೇಲೆ ಬೈಗುಳದ ಹಾಗೆ ಕಾಣತೊಡಗಿತು. ಪುಸ್ತಕ ತೆರೆದರೆ ಒಂದಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಹೊರಗೆ ಯಾವ ಹುಡುಗಿ ಗುನುಗಿಕೊಂಡು ಹೋದರೂ ಬಾಗಿಲು ತೆಗೆದು ಇಣುಕುತ್ತಿದ್ದೆ. ನೀನಲ್ಲವೆಂದು ಗೊತ್ತಿದ್ದೂ ಇಣುಕುತ್ತಿದ್ದೆ.

ಹೀಗಿರುವಾಗ ನಮ್ಮನ್ನು ಗುಡ್ಡದ ಮೇಲಿನ ಒಂದು ಬಡಾವಣೆಗೆ ಕಳಿಸಿದರು. ಮನೆಮನೆಗೆ ಹೋಗಿ ಹೆಂಗಸರ ಕಷ್ಟಸುಖ ವಿಚಾರಿಸಬೇಕಿತ್ತು. ನನ್ನ ಜೊತೆಗಿದ್ದ ಹುಡುಗಿ ಕೂತ ಕಡೆಯಲ್ಲೆಲ್ಲ ಮನೆಮಗಳಾಗಿಬಿಡುತ್ತಿದ್ದಳು. ನನಗೋ ಎರಡು ಮನೆ ದಾಟುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಎಲ್ಲರ ಬಾಯಲ್ಲೂ ನೀರಿನ ಮಾತೇ. ಕೆಳಗಿನ ಬೀದಿಗೆ ಬರುತ್ತದೆ, ನಮಗೆ ಮಾತ್ರ ಬರುವುದಿಲ್ಲ ಎನ್ನುತ್ತಿದ್ದರು. ನಾನು ಏನೋ ನೆಪ ಹೇಳಿ ಎದ್ದು ಬಂದು ಪೈಪಿನ ಜಾಡು ಹಿಡಿದು ನಡೆದೆ. ಎಲ್ಲಿ ನಲ್ಲಿ, ಎಲ್ಲಿ ಏರು, ಎಲ್ಲಿ ಪೈಪು ಕವಲೊಡೆದಿದೆ ಎಂದು ಪ್ರಶ್ನೆಗಳ ಹಾಳೆಯ ಹಿಂಬದಿಯಲ್ಲಿ ಗೀಚುತ್ತಾ ಹೋದೆ. ಊಟದ ನೆನಪೇ ಬರಲಿಲ್ಲ. ಉಳಿದವರು ನನ್ನನ್ನು ಹುಡುಕಿ ಸುಸ್ತಾಗಿದ್ದರಂತೆ.

ಮಾರನೆಯ ದಿನ ನಮಗೆ ಪಾಠ ಮಾಡುವ ಮೇಡಂ ಕರೆಸಿದರು. ಚೆನ್ನಾಗಿ ಬೈಸಿಕೊಳ್ಳುತ್ತೇನೆಂದೇ ಹೋದೆ. ಅವರು ನಾನು ಒಪ್ಪಿಸಿದ್ದ ಆ ಹಾಳೆಯನ್ನು ಮೇಜಿನ ಮೇಲೆ ಹರಡಿ, "ಇದನ್ನ ಬರೆಯೋಕೆ ಎಷ್ಟು ಹೊತ್ತಾಯ್ತು?" ಎಂದರು.

"ಗೊತ್ತಾಗಲಿಲ್ಲ ಮೇಡಂ."

"ಮನೆಗಳಲ್ಲಿ ಕೂತಿದ್ದಾಗ?"

"ಒಂದೊಂದು ನಿಮಿಷವೂ ಗೊತ್ತಾಯ್ತು."

ಅವರು ಜೋರಾಗಿ ನಕ್ಕರು. "ನಿಮಗೆ ಜನ ಬೇಡ ಅಂತಲ್ಲ. ಮಧ್ಯೆ ಒಂದು ಹಾಳೆ ಬೇಕು, ಅಷ್ಟೇ. ಭೂಗೋಳ ವಿಭಾಗದಲ್ಲಿ ನಕ್ಷೆ ಮಾಡೋದು ಕಲಿಸ್ತಾರೆ, ಹೋಗಿ ನೋಡಿ."

ಹೋಗಿ ನೋಡಿದೆ. ಉದ್ದನೆಯ ಮೇಜು, ದೊಡ್ಡ ಹಾಳೆಗಳು, ಯಾರೂ ಮಾತಾಡದ ಕೋಣೆ. ಅಲ್ಲಿ ಕೂತಾಗ ಬಚ್ಚಲ ಬಾಗಿಲು ಹಾಕಿಕೊಂಡಷ್ಟೇ ಹಾಯೆನಿಸಿತು.

ಈಗ ಇಷ್ಟು ಹೊತ್ತು ಮುಂದೂಡಿದ ಮಾತು. ವಿಷಯ ಬದಲಿಸಿದರೆ ಮೊದಲಿನಿಂದ ಶುರು ಮಾಡಬೇಕು. ಅಂದರೆ ನಾನು ಮನೆಗೆ ಬರುವುದು ಇನ್ನೊಂದು ವರ್ಷ ತಡವಾಗುತ್ತದೆ. ಬದಲಿಸಿದ್ದೇನೆ ಮಗಳೇ. ಅಪ್ಪನಿಗೆ ಹೇಳಿದಾಗ, "ಅಡುಗೆ ಈಗ ತಾನೇ ಕೈಗೆ ಹತ್ತುತ್ತಿದೆ, ಇನ್ನೊಂದು ವರ್ಷ ಸಿಕ್ಕಿದ್ರೆ ಪಳಗ್ತೀನಿ ಬಿಡು" ಅಂದರು. ನಿನಗೆ ನಾನೇ ತಿಳಿಸುತ್ತೇನೆಂದು ಅವರ ಬಾಯಿ ಕಟ್ಟಿಹಾಕಿದ್ದೆ. ಅವರ ಮೇಲೆ ಮುನಿಸಿಕೊಳ್ಳಬೇಡ. ನನ್ನ ಮೇಲೆ ಮುನಿಸಿಕೋ, ಆದರೆ ಫೋನು ಮಾಡಿ ಮುನಿಸಿಕೋ.

ನೀನು ಏನು ತಗೋಬೇಕೆಂದು ನಾನು ಹೇಳುವುದಿಲ್ಲ. ನಿನ್ನ ಗೆಳತಿ ಗುಬ್ಬಚ್ಚಿ ಸೇರುತ್ತಾಳೆಂದು ಜೀವಶಾಸ್ತ್ರ ಬೇಡ. ದೊಡ್ಡಪ್ಪ ಹೇಳಿದರೆಂದು ವಾಣಿಜ್ಯಕ್ಕೂ ಹೋಗಬೇಡ. ನಾನು ಹೇಳಿದೆನೆಂದಂತೂ ಏನೂ ಬೇಡ. ನಾನು ಮೌನ ಸಿಕ್ಕರೆ ಅರಳುವವಳು, ನೀನು ಮಾತಾಡುತ್ತಲೇ ಕೆಲಸ ಮಾಡುವವಳು. ಒಬ್ಬಳೇ ಗೋಡೆ ನೋಡಿಕೊಂಡು ಕೂರುವ ಕೆಲಸ ನಿನ್ನನ್ನು ಒಣಗಿಸಿಬಿಡುತ್ತದೆ. ಯಾವ ಕ್ಲಾಸು ಮುಗಿದಾಗ "ಅಯ್ಯೋ, ಇಷ್ಟು ಬೇಗನಾ" ಅನಿಸುತ್ತದೆಂದು ನೋಡಿಕೋ. ಹಾಗೆಂದು ಆಮೇಲೆ ಎಲ್ಲ ಸಲೀಸು ಅಂದುಕೊಳ್ಳಬೇಡ. ನಕ್ಷೆಗೆ ಬೇಕಾದ ಗಣಿತದ ಪರೀಕ್ಷೆಯಲ್ಲಿ ಹೋದ ವಾರ ನಾನು ಮಕಾಡೆ ಮಲಗಿದೆ. ಅತ್ತದ್ದೂ ಉಂಟು. ಆದರೆ ಬೆಳಿಗ್ಗೆ ಎದ್ದು ಪೆನ್ಸಿಲ್ ಚೂಪು ಮಾಡಲು ನನ್ನನ್ನು ಯಾರೂ ತಳ್ಳಬೇಕಾಗಲಿಲ್ಲ. ಕನ್ನಡಿಯ ಚೀಟಿಯನ್ನೂ ಓದಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ರಜೆಗೆ ಬರುತ್ತೇನೆ.

ಊರು ಬಿಟ್ಟರೂ ನಿನ್ನನ್ನು ಬಿಟ್ಟಿರಲಾರದ
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ಬಂದೆ. ವಿಷಯ ಬದಲಿಸುವ ಮುಂಚಿನ ಶನಿವಾರ, ಇನ್ನೊಂದು ವರ್ಷ ದೂರವಿರಲಾರೆ, ಯಾವ ಓದೂ ಬೇಡವೆಂದು ಬಟ್ಟೆಬರೆ ಕಟ್ಟಿಕೊಂಡು ಬಸ್ಸು ಹತ್ತಿ ಬಂದಿದ್ದೆ. ನಮ್ಮ ಬೀದಿಯ ತಿರುವಿನವರೆಗೂ ಬಂದೆ. ನೀನು ಎದುರುಮನೆ ಅಜ್ಜಿಯ ಹೊಲಿಗೆ ಯಂತ್ರವನ್ನು ಜಗುಲಿಯ ಮೇಲೆ ಮಲಗಿಸಿ ಬಿಚ್ಚುತ್ತಿದ್ದೆ. "ಮತ್ತೆ ಜೋಡಿಸೋಕೆ ಬರುತ್ತೇನೇ ನಿನಗೆ?" ಎಂದು ಅಜ್ಜಿ ಗದರುತ್ತಿದ್ದರು, ನೀನು ಅವರಿಗೆ ಒಂದೊಂದೇ ಭಾಗ ಎತ್ತಿ ತೋರಿಸಿ ನಗುತ್ತಿದ್ದೆ. ಕೆನ್ನೆಗೆ ಎಣ್ಣೆಮಸಿ ಮೆತ್ತಿತ್ತು. ನಾನು ಕರೆದಿದ್ದರೆ ನೀನು ಎಲ್ಲ ಬಿಟ್ಟು ಓಡಿ ಬರುತ್ತಿದ್ದೆ. ಬಂದಿದ್ದರೆ ನಾನು ವಾಪಸು ಹೋಗುತ್ತಿರಲಿಲ್ಲ. ಹಾಗೇ ತಿರುಗಿ ಬಸ್ಸು ಹತ್ತಿದೆ. ನಿನ್ನ ಕೆನ್ನೆ ಒರೆಸಲೆಂದು ತೆಗೆದ ಕರವಸ್ತ್ರ ಹಾಸ್ಟೆಲ್ ಮುಟ್ಟುವವರೆಗೂ ಕೈಯಲ್ಲೇ ಇತ್ತು.