ಎರಡು ಟವೆಲ್, ಒಂದು ಸೀಟು

ಮಸ್ಕಿ
ಗುರುವಾರ, ೧೨ ಫೆಬ್ರವರಿ ೨೦೨೬

ಪ್ರೀತಿಯ ಸುನೀಲಣ್ಣಾ, ಜೈಭೀಮ.

ಹೇಗಿದ್ದೀ? ಬೀದರ ಡಿಪೋದ ಊಟ ಹೊಂದಿತೇ? ದಿನವಿಡೀ ನಿಂತೇ ಟಿಕೆಟ್ ಕೊಡುವವನಿಗೆ ಮೊಣಕಾಲು ನೋವು ಕಡಿಮೆಯಾಯಿತೇ? ಅವ್ವ ಕೊಟ್ಟ ಎಣ್ಣೆಯನ್ನು ಟ್ರಂಕಿನಲ್ಲಿ ಇಟ್ಟು ಪೂಜೆ ಮಾಡಬೇಡ, ಹಚ್ಚಿಕೋ. ಇಲ್ಲಿ ಅಪ್ಪ, ಅವ್ವ ಇಬ್ಬರೂ ಆರಾಮ ಇದ್ದಾರೆ. ತಲೆ ಕೆಟ್ಟಿರುವುದು ನನ್ನೊಬ್ಬಳದೇ. ಫೋನ್ ಬಿಟ್ಟು ಕಾಗದ ಬರೆದಳಲ್ಲ ಎಂದು ನಗಬೇಡ. ಸೋಮವಾರದವರೆಗೆ ಫೋನ್ ಮುಟ್ಟಬಾರದೆಂದು ನಮ್ಮ ಕಾಲೇಜಿನ ಗಂಗಾದೇವಿ ಮೇಡಂ ಕಟ್ಟಪ್ಪಣೆ ಮಾಡಿದ್ದಾರೆ. ಇದನ್ನು ನಿಮ್ಮ ಡಿಪೋದ ಕಂಡಕ್ಟರ್ ಶಾವಲಿಯಣ್ಣನ ಕೈಗೆ ಕೊಡುತ್ತೇನೆ, ಅವನ ಬಸ್ಸಿನ ಜೊತೆ ಬಂದು ಮುಟ್ಟುತ್ತದೆ.

ಈ ವರ್ಷ ಬಿಸಿಎ ಓದುವವರಿಗೆಲ್ಲ ಕಾಲೇಜಿನವರು ಫೋನಿನಲ್ಲಿ ಎಐ ಟ್ಯೂಟರ್ ಕೊಟ್ಟಿದ್ದಾರೆ. ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತದೆ, ತಪ್ಪಿದರೆ ತಿದ್ದುತ್ತದೆ, ಎಷ್ಟು ಸಲ ಕೇಳಿದರೂ ಸಿಟ್ಟಾಗುವುದಿಲ್ಲ. ಕಾಲೇಜಿಗೆಂದು ಸಿಂಧನೂರಿಗೆ ಹೋಗುವ ಬಸ್ಸಿನಲ್ಲೂ ನಾನು ಅದರ ಜೊತೆಗೇ. "ಹೆತ್ತವ್ವ ಇಲ್ಲೇ ಕುಂತೀನಿ, ಅದರ ಕೂಡ ಏನ್ ಮಾತಾಡಾಕತ್ತೀಯವಾ" ಎಂದು ಮನೆಯಲ್ಲಿ ಅವ್ವ ಗೊಣಗುತ್ತಾಳೆ. ಹೋದ ವಾರ ಮೇಡಂ 'ಕ್ಯೂ' ಎಂಬುದರ ಪ್ರೋಗ್ರಾಂ ಬರೆದು ತರಲು ಹೇಳಿದರು. ಬಸ್ಸಿಗೆ ಸಾಲಿನಲ್ಲಿ ನಿಂತ ಹಾಗೆ, ಮೊದಲು ಬಂದವರಿಗೆ ಮೊದಲ ಸೀಟು ಎಂದು ಟ್ಯೂಟರ್ ವಿವರಿಸಿತು. ನನಗೆ ನಗು ತಡೆಯಲಾಗಲಿಲ್ಲ. ನೀನೇ ಹೇಳು, ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಯಾವ ಕಾಲಕ್ಕೆ ಸಾಲು ಇತ್ತು? ಕಿಟಕಿಯಿಂದ ಟವೆಲ್ ಒಗೆದವರದ್ದೇ ಸೀಟು. ಹಾಗೆಂದು ಬರೆದೆ. "ನೀವು ಹೇಳುವುದು ಸರಿ" ಎಂದಿತು! ಟವೆಲ್ ಹಾಕಿದವರಿಗೆ ಸೀಟು ಕೊಡುವ ಪ್ರೋಗ್ರಾಂ ಇಬ್ಬರೂ ಕೂಡಿ ಬರೆದೆವು. ಒಂದೊಂದು ಸಾಲಿಗೂ "ಸರಿ, ಮುಂದುವರಿಯಿರಿ" ಎನ್ನುತ್ತಿತ್ತು. ಪ್ರೋಗ್ರಾಂ ಓಡಿತು ಕೂಡ. ನಾನು ಹಿಗ್ಗಿಹೋದೆ.

ಮೇಡಂ ನೋಡಿದರು. "ಕ್ಯೂ ತಾ ಅಂದ್ರ ಬಸ್‌ಸ್ಟ್ಯಾಂಡ್ ತಂದೀಯಲ್ಲ" ಎಂದರು. ಆಮೇಲೆ, "ಒಂದ ಸೀಟಿಗೆ ಎರಡು ಟವೆಲ್ ಬಿದ್ರ ಯಾರನ್ನ ಕುಂದರಸ್ತೈತಿ?" ಎಂದು ಕೇಳಿದರು. ಓಡಿಸಿ ನೋಡಿದರೆ ಇಬ್ಬರನ್ನೂ ಒಂದೇ ಸೀಟಿನಲ್ಲಿ ಕೂರಿಸಿಬಿಟ್ಟಿತು. ಇಡೀ ಲ್ಯಾಬ್ ನಕ್ಕಿತು. ಹೇಗೆ ಸರಿಪಡಿಸುತ್ತೀ ಎಂದರು. ನನಗೆ ಮಾತೇ ಹೊರಡಲಿಲ್ಲ. "ಸೋಮವಾರ ಬಂದು ನಿನ್ನ ಬಾಯಿಲೆ ಹೇಳು. ಹೇಳದಿದ್ರ ಲ್ಯಾಬ್ ಪರೀಕ್ಷೆಗೆ ಕುಂದರಸಂಗಿಲ್ಲ" ಎಂದುಬಿಟ್ಟರು. ಪರೀಕ್ಷೆ ತಪ್ಪಿದರೆ ಈ ವರ್ಷ ಹೋದಂತೆಯೇ.

ಅಣ್ಣಾ, ನನಗೆ ಒಂದೂ ತಿಳಿಯದಾಗಿದೆ. ಆ ಟ್ಯೂಟರ್ ಅಷ್ಟು ತಾಳ್ಮೆಯಿಂದ ಕಲಿಸಿದ್ದೆಲ್ಲ ಸುಳ್ಳೇ? ಅದಿಲ್ಲದಿದ್ದರೆ ನಾನು ಒಂದು ಸಾಲೂ ಬರೆಯುತ್ತಿರಲಿಲ್ಲ, ಅದೂ ನಿಜ. ಹಾಗಾದರೆ ಆ ಪ್ರೋಗ್ರಾಂ ನನ್ನದೋ, ಅದರದೋ? ಮೇಡಂ ಮೇಲೆ ಸಿಟ್ಟು ಬರುತ್ತದೆ, ಮರುಗಳಿಗೆ ಅವರು ಕೇಳಿದ್ದೇ ಸರಿ ಅನಿಸುತ್ತದೆ. ಲಿಂಗಸುಗೂರಿನ ಚಿಕ್ಕವ್ವ ಬಂದಿದ್ದಳು. "ಅಷ್ಟು ತ್ರಾಸ ಇದ್ರ ಬಿಟ್ಟುಬಿಡವಾ" ಎಂದಳು. ನಾನು ಬಿಡುವವಳಲ್ಲ, ಆದರೆ ರಾತ್ರಿ ಅಳು ಬಂತು. ನೀನು ಕಂಡಕ್ಟರ್. ಎರಡು ಟವೆಲ್ಲಿನವರು ಜಗಳಕ್ಕೆ ಬಿದ್ದರೆ ಏನು ಮಾಡುತ್ತೀ? ಎರಡೇ ಸಾಲು ಬರೆದು ಶಾವಲಿಯಣ್ಣನ ಕೈಗೆ ಕೊಡು.

ಅಪ್ಪ ನಿನ್ನನ್ನು ದಿನಾ ನೆನೆಯುತ್ತಾನೆ. ರೊಟ್ಟಿಗೆಂದು ಕೊಟ್ಟ ಶೇಂಗಾ ಹಿಂಡಿ ಮುಗಿದಿದ್ದರೆ ತಿಳಿಸಬೇಕಂತೆ, ಅವ್ವನ ಮಾತು.

ನಿನ್ನ ತಲೆಹರಟೆ ತಂಗಿ
ಅನುಪಮಾ

ತಾ.ಕ.: ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗೀಚುತ್ತಿದ್ದೇನೆ, ಶಾವಲಿಯಣ್ಣ ಸೀಟಿ ಊದುತ್ತಿದ್ದಾನೆ. ಮಾತೇ ಹೊರಡಲಿಲ್ಲ ಎಂದು ಬರೆದೆನಲ್ಲ, ಆದರೆ ಮೇಡಂ ಕೇಳಿದಾಗಲೇ ನನಗೆ ಉತ್ತರ ಹೊಳೆದಿತ್ತು. ಮೊದಲು ಬಿದ್ದ ಟವೆಲ್ಲಿಗೆ ಸೀಟು. ಅಂದರೆ ಸಾಲು ಇದೆ, ಅದು ಜನರದ್ದಲ್ಲ, ಟವೆಲ್ಲುಗಳದ್ದು. 'ಸರಿ' ಎನ್ನುವವರು ಯಾರೂ ಪಕ್ಕದಲ್ಲಿ ಇರಲಿಲ್ಲ, ಅದಕ್ಕೇ ಬಾಯಿ ತೆರೆಯಲಿಲ್ಲ. ಈಗಲೂ ಅದು ಸರಿಯೋ ತಪ್ಪೋ ಗೊತ್ತಿಲ್ಲ. ನಿನ್ನನ್ನು ಕೇಳಿದ್ದೂ ಆ 'ಸರಿ'ಯನ್ನು ಹೇಳಿಸಿಕೊಳ್ಳಲೆಂದೇ. ನಿನ್ನ ಕಾಲಿಗೆ ಬೀಳುತ್ತೇನೆ, ಉತ್ತರ ಕಳಿಸಬೇಡ. ಸೋಮವಾರ ತಪ್ಪಾದರೂ ನಾನೇ ಹೇಳುತ್ತೇನೆ.