ಚರ್ಮದ ಹಿಡಿಕೆ

ವಾರ್ಡನ್ ಶ್ರೀಮತಿ ಪೆಲ್ಟಿಯರ್ ಅವರಿಗೆ,

ನನ್ನ ದಿಂಬಿನಡಿ ಸಿಕ್ಕ ಚಾಕುವನ್ನು ಶುಕ್ರವಾರ ಪೊಲೀಸರಿಗೆ ಒಪ್ಪಿಸುತ್ತೀರೆಂದು ತಿಳಿಯಿತು. ಸಾರಿ ಮೇಡಂ, ನಿಯಮ ನನಗೆ ಗೊತ್ತಿತ್ತು. ಆದರೆ ಯಾರನ್ನೂ ಹೆದರಿಸಲು ತಂದದ್ದಲ್ಲ.

ವಿಮಾನ ಬಿದ್ದರೂ ಪೈಲಟ್ ಬದುಕಿ ಬರಲೆಂದು ನಮ್ಮೂರ ಕಾರ್ಖಾನೆ ಸೈನ್ಯಕ್ಕೆ ಮಾಡಿಕೊಡುತ್ತಿದ್ದ ಚಾಕು ಅದು. ಮೊದಮೊದಲು ಅಲಗು ಉದ್ದವಿತ್ತಂತೆ, ಆಮೇಲೆ ಒಂದಿಂಚು ಮೊಟಕಾಯಿತು. ಹಿಡಿಕೆಗೆ ಚರ್ಮದ ಬಿಲ್ಲೆಗಳನ್ನು ಪೋಣಿಸುವುದು ನನ್ನ ಅಜ್ಜಿ ವರ್ನಾಳ ಕೆಲಸ. ಒಮ್ಮೆ ಕಂದು ಬಿಲ್ಲೆಗಳ ನಡುವೆ ಬಿಳಿಚಿದ್ದೊಂದು ಸೇರಿಬಿಟ್ಟಿತು.

"ಏನಮ್ಮಾ ವರ್ನಾ, ನಿದ್ದೆಗಣ್ಣಲ್ಲಿ ಪೋಣಿಸಿದ್ಯಾ?" ಎಂದನಂತೆ ತಪಾಸಣೆಯವನು.

"ಪ್ಯಾರಾಚೂಟ್ ಸಿಕ್ಕೊಂಡು ಮರಕ್ಕೆ ನೇತುಬಿದ್ದಿರೋ ಪೈಲಟ್ಟು ಹಿಡಿಕೆ ಚೆಂದ ನೋಡ್ತಾ ಕೂರ್ತಾನೇನಯ್ಯಾ?" ಎಂದಳಂತೆ ಅಜ್ಜಿ.

ಸೈನ್ಯಕ್ಕೆ ಬೇಡವಾದದ್ದು ಹೀಗೆ ನಮ್ಮ ಮನೆ ಸೇರಿತು. ಅಜ್ಜಿ ಅದಕ್ಕೆ ಎಣ್ಣೆ ಸವರಿದರೆ ಅಡುಗೆಮನೆಯೆಲ್ಲ ಚರ್ಮದ ವಾಸನೆ. ನಾನು ಚಿಕ್ಕಂದಿನಿಂದ ಹಾಸ್ಟೆಲುಗಳಲ್ಲೇ ಬೆಳೆದವನು, ಮನೆಯೆಂದರೆ ನನಗೆ ಆ ವಾಸನೆಯೇ. ಕಾಲೇಜಿಗೆ ಬಂದ ಮೇಲೆ ಆ ಹಿಡಿಕೆ ಕೈಲಿದ್ದರಷ್ಟೇ ನಿದ್ದೆ ಹತ್ತುತ್ತದೆ.

ಅಲಗು ನನಗೆ ಬೇಡ. ವರ್ಕ್‌ಶಾಪಿನಲ್ಲಿ ಅದನ್ನು ಕತ್ತರಿಸಿ ತೆಗೆಸಿ, ಹಿಡಿಕೆಯಷ್ಟೇ ಕೊಡಿ. ಆದರೆ ಹಿಡಿಕೆಯ ತುದಿಯ ಕಬ್ಬಿಣವನ್ನು ಮಾತ್ರ ಬಿಚ್ಚದಂತೆ ಹೇಳಿ, ಮೇಡಂ. ಬಿಲ್ಲೆಗಳು ಉದುರಿಹೋದರೆ ಮತ್ತೆ ಪೋಣಿಸಿಕೊಡಲು ಅಜ್ಜಿ ಈಗ ಇಲ್ಲ.

ನಿಮ್ಮ ವಿಧೇಯ,
ಥಿಯೊ ಬ್ರನರ್
ಮೊದಲ ವರ್ಷ